ಹತ್ತೊಂಬತ್ತು ತಾಯಂದಿರು, ಇಪ್ಪತ್ತು ಮಕ್ಕಳು

ಬಿಳಿ ಸೀರೆಯ ಸೆರಗಿಗೆ, ಎದೆಯ ಎಡಭಾಗದಲ್ಲಿ, ಒಂದು ಪಿನ್ನಿನಿಂದ ಸಿಕ್ಕಿಸಿದ ನನ್ನ ಪುಟ್ಟ ಗಡಿಯಾರ ಸದಾ ತಲೆಕೆಳಗಾಗಿ ತೂಗುತ್ತಿತ್ತು. ಎದುರಿಗೆ ನಿಂತವರಿಗೆ ಅದರ ಆರು ಮೇಲೆ, ಹನ್ನೆರಡು ಕೆಳಗೆ. ಕತ್ತು ಬಗ್ಗಿಸಿ ಬೆರಳಿನಿಂದ ಎತ್ತಿ ನೋಡುವ ನನಗೆ ಮಾತ್ರ ಎಲ್ಲವೂ ನೆಟ್ಟಗೆ. ಹೆರಿಗೆ ಕೋಣೆಗೆ ಹೋಗುವವರು ಮೊಣಕೈವರೆಗೆ ಕೈ ತೊಳೆಯಬೇಕಾದ್ದರಿಂದ ಮಣಿಕಟ್ಟಿನಲ್ಲಿ ಏನೂ ಇರಕೂಡದು, ನಾಡಿ ಎಣಿಸಬೇಕಾದ್ದರಿಂದ ಸೆಕೆಂಡಿನ ಮುಳ್ಳು ಇರಲೇಬೇಕು ಎಂಬುದು ನಮ್ಮ ನರ್ಸಿಂಗ್ ಶಾಲೆಯ ಕಟ್ಟಪ್ಪಣೆ. ಪಿನ್ನಿನ ಗಡಿಯಾರವನ್ನೇ ಕೊಳ್ಳೋಣವೆಂದರೆ ಅದರ ಬೆಲೆ ಕೇಳಿ ನನ್ನ ನಾಡಿಯೇ ಏರಿತು. ಕೊನೆಗೆ ನಮ್ಮವರು ವಿಜಯವಾಡದ ಒನ್ ಟೌನ್ ಪೇಟೆಯ ಗಲ್ಲಿಯೊಂದರಲ್ಲಿ, ಯಾರೋ ಬಳಸಿ ಮಾರಿದ ಹೆಂಗಸರ ಕೈಗಡಿಯಾರವೊಂದನ್ನು ಚೌಕಾಸಿ ಮಾಡಿ ತಂದರು. ನಾನು ಅದರ ಪಟ್ಟಿ ಕಿತ್ತು, ಮಗಳ ಜಡೆಯ ಹಳೆಯ ರಿಬ್ಬನ್ನಿನ ತುಂಡನ್ನು ಹೊಲಿದು, ಪಿನ್ನು ಚುಚ್ಚಿಕೊಂಡೆ. ಅದು ಸರಿಯಾಗಿಯೇ ನಡೆಯುತ್ತಿತ್ತು. ಆದರೂ ನನಗೆ ನಂಬಿಕೆಯಿರಲಿಲ್ಲ; ದಿನಕ್ಕೆರಡು ಸಲ ವಾರ್ಡಿನ ಗೋಡೆ ಗಡಿಯಾರದೊಂದಿಗೆ ತಾಳೆ ನೋಡುತ್ತಿದ್ದೆ.

ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಆಗ ನನಗೆ ಮೂವತ್ತೈದು ವರ್ಷ. ತೊಂಬತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಗದಗಿನ ಕಡೆಯವರಾದ ನಾವು ನಮ್ಮವರ ಬ್ಯಾಂಕಿನ ವರ್ಗಾವಣೆಯ ಬೆನ್ನು ಹತ್ತಿ ವಿಶಾಖಪಟ್ಟಣಕ್ಕೆ ಬಂದು ಆರು ವರ್ಷಗಳಾಗಿದ್ದವು. ಆ ವಯಸ್ಸಿನಲ್ಲಿ ನರ್ಸಿಂಗ್ ಓದುವವಳನ್ನು ಕಂಡರೆ ಜನ ಸೇವಾಭಾವ, ತ್ಯಾಗ ಎಂದೆಲ್ಲ ದೊಡ್ಡ ಮಾತಾಡುತ್ತಾರೆ. ನನ್ನದು ಅಂಥದ್ದೇನಲ್ಲ. ಊರಿಗೆ ಬಂದ ಎರಡನೆಯ ವರ್ಷ ನಮ್ಮವರಿಗೆ ಕಾಮಾಲೆ ಬಂದು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರು. ರಜೆಯೆಲ್ಲ ಮುಗಿದು ಸಂಬಳ ಅರ್ಧಕ್ಕಿಳಿಯಿತು. ಆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಕೂತು ನನಗೊಂದು ವಿಷಯ ಹೊಳೆಯಿತು: ಆ ವಾರ್ಡಿನಲ್ಲಿ ರೋಗಿಗಳೂ ಅವರ ಮನೆಯವರೂ ಎಲ್ಲರೂ ಬಳಲುತ್ತಿದ್ದರು, ಕಳೆದುಕೊಳ್ಳುತ್ತಿದ್ದರು, ಬಳಲಿದರೂ ಒಂದನೇ ತಾರೀಖು ಸಂಬಳ ತರುತ್ತಿದ್ದವಳು ನರ್ಸಮ್ಮ ಒಬ್ಬಳೇ. ಇನ್ನೊಮ್ಮೆ ಇಂಥ ಗಂಡಾಂತರ ಬಂದರೆ ಸ್ಟೂಲಿನ ಮೇಲೆ ಕೂರುವವಳಾಗಿರಬಾರದು ಎಂದು ಅವತ್ತೇ ತೀರ್ಮಾನಿಸಿದೆ. ಭಯದಿಂದ ಓದಿಗೆ ಸೇರಿದವಳು ನಾನು, ಮತ್ತು ಆ ಭಯ ಓದಿನುದ್ದಕ್ಕೂ ನನ್ನ ಪಕ್ಕದ ಬೆಂಚಿನಲ್ಲೇ ಕೂತಿತ್ತು.

ಕೊನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ನಮ್ಮವರಿಗೆ ವಿಜಯವಾಡಕ್ಕೆ ವರ್ಗವಾಯಿತು. ವಿಶಾಖಪಟ್ಟಣದ ಮನೆ ಖಾಲಿ ಮಾಡಿ, ಹತ್ತು ವರ್ಷದ ಮಗಳನ್ನು ಅವರ ಜೊತೆ ಕಳಿಸಿ, ನಾನು ಒಂದು ಟ್ರಂಕಿನೊಂದಿಗೆ ಹಾಸ್ಟೆಲ್ ಸೇರಿದೆ. ಅಲ್ಲಿ ನನ್ನ ಜೊತೆಗಿದ್ದವರು ಇಪ್ಪತ್ತರ ಆಸುಪಾಸಿನ ತೆಲುಗು ಹುಡುಗಿಯರು. ಅವರೆಲ್ಲ ನನ್ನನ್ನು ಅಕ್ಕಾ ಎಂದು ಕರೆದು, ತಲೆನೋವು ಬಂದರೆ ನನ್ನ ಬಳಿ ಅಮೃತಾಂಜನ ಕೇಳಿ, ಪರೀಕ್ಷೆಯಲ್ಲಿ ಮಾತ್ರ ನನಗಿಂತ ಹತ್ತು ಅಂಕ ಹೆಚ್ಚು ತೆಗೆಯುತ್ತಿದ್ದರು. ಒಂದು ಸಂಬಳಕ್ಕೆ ಈಗ ಎರಡು ಊರು. ಮೆಸ್ಸಿನ ಬಿಲ್ಲು, ಪರೀಕ್ಷೆಯ ಶುಲ್ಕ, ಎರಡು ತಿಂಗಳಿಗೊಮ್ಮೆ ಜನರಲ್ ಬೋಗಿಯಲ್ಲಿ ನಿಂತೋ ಕೂತೋ ವಿಜಯವಾಡಕ್ಕೆ ಹೋಗಿ ಬರುವ ಖರ್ಚು. ಬಿಳಿ ಬೂಟಿನ ಬಣ್ಣ ಮುಗಿದಾಗ ಬೋರ್ಡಿನ ಸೀಮೆಸುಣ್ಣವನ್ನೇ ಅರೆದು ಹಚ್ಚಿದ್ದೇನೆ. ನಡೆದಲ್ಲೆಲ್ಲ ರಂಗೋಲಿ ಬೀಳುತ್ತಿತ್ತು. ಭಾನುವಾರ ಎಸ್‌ಟಿಡಿ ಬೂತಿನಿಂದ ಮನೆಯ ಕೆಳಗಿನ ಅಂಗಡಿಗೆ ಫೋನು ಮಾಡಿದರೆ, ಮಗಳು ಮೆಟ್ಟಿಲಿಳಿದು ಬರುವಷ್ಟರಲ್ಲಿ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ಅವಳೋ ಕನ್ನಡದಲ್ಲಿ ಶುರು ಮಾಡಿ, ಎರಡನೆಯ ವಾಕ್ಯಕ್ಕೆ ತೆಲುಗಿಗೆ ಜಾರಿ, ಎಪ್ಪುಡೊಸ್ತಾವಮ್ಮಾ, ಯಾವಾಗ ಬರುತ್ತೀ ಎಂದು ಕೇಳುತ್ತಿದ್ದಳು. ಜೂನಿಗೆ ಬಂದೇ ಬಿಡುತ್ತೇನೆ ಎನ್ನುತ್ತಿದ್ದೆ. ವಿಜಯವಾಡದ ಒಂದು ನರ್ಸಿಂಗ್ ಹೋಮಿನವರು, ಪಾಸಾಗಿ ಬಂದರೆ ಜೂನಿನಿಂದ ಕೆಲಸ ಎಂದು ಮಾತು ಕೊಟ್ಟಿದ್ದರು, ಜೂನು ದಾಟಿದರೆ ಬೇರೆಯವರು ಎಂದೂ ಹೇಳಿದ್ದರು.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ. ಕೊನೆಯ ಪರೀಕ್ಷೆಗೆ ಕೂರಬೇಕಾದರೆ ಪ್ರತಿ ವಿದ್ಯಾರ್ಥಿನಿಯೂ ಇಪ್ಪತ್ತು ಹೆರಿಗೆಗಳನ್ನು ತನ್ನ ಕೈಯಾರೆ ಮಾಡಿಸಿ, ಒಂದೊಂದನ್ನೂ ಕೇಸ್ ಪುಸ್ತಕದಲ್ಲಿ ಬರೆದು, ನಮಗೆ ಪಾಠ ಹೇಳುವ ಸಿಸ್ಟರ್ ಟ್ಯೂಟರ್ ಅವರ ಸಹಿ ಹಾಕಿಸಬೇಕಿತ್ತು. ಮಗುವನ್ನು ಯಾರ ಕೈ ಹಿಡಿಯಿತೋ ಕೇಸು ಅವರದು. ಡ್ಯೂಟಿ ಮುಗಿದ ಮೇಲೆ ಹುಟ್ಟಿದರೆ ಮುಂದಿನ ಪಾಳಿಯವಳದು. ನಾನು ತಿಂಗಳುಗಟ್ಟಲೆ ಕಾದು ಇಪ್ಪತ್ತು ತುಂಬಿಸಿ, ನೆಮ್ಮದಿಯಿಂದ ಪುಸ್ತಕ ಒಪ್ಪಿಸಿದೆ. ಸಿಸ್ಟರ್ ಟ್ಯೂಟರ್ ಪುಟ ತಿರುವುತ್ತ ಹೋದವರು ಹನ್ನೆರಡು, ಹದಿಮೂರರಲ್ಲಿ ನಿಂತರು. ಅಲ್ಲಿದ್ದದ್ದು ಅವಳಿ ಮಕ್ಕಳು. ಹೊಟ್ಟೆಯಲ್ಲಿ ಇಬ್ಬರಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಮೊದಲನೆಯದನ್ನು ಹಿಡಿದು ಒರೆಸುತ್ತಿರುವಾಗಲೇ ಇನ್ನೊಂದು ಹೊರಟು, ಡಾಕ್ಟರಮ್ಮ ಮೆಟ್ಟಿಲಿಳಿದು ಬರುವುದರೊಳಗೆ ಅದೂ ನನ್ನ ಕೈಗೇ ಬಂದಿತ್ತು. ಎರಡು ಮಗು, ಎರಡು ಸಮಯ, ಎರಡು ತೂಕ. ನಾನು ಎರಡು ಕೇಸೆಂದು ಬರೆದಿದ್ದೆ.

"ಹೆತ್ತವಳು ಎಷ್ಟು ಜನ?" ಎಂದು ಕೇಳಿದರು ಸಿಸ್ಟರ್.

"ಒಬ್ಬಳೇ, ಸಿಸ್ಟರ್."

"ಹಾಗಾದರೆ ಕೇಸೂ ಒಂದೇ. ನಾವು ತಾಯಂದಿರನ್ನು ಎಣಿಸುತ್ತೇವೆ, ಮಕ್ಕಳನ್ನಲ್ಲ."

ಕೆಂಪು ಶಾಯಿಯ ಒಂದು ಗೀಟು. ಇಪ್ಪತ್ತು ಹತ್ತೊಂಬತ್ತಾಯಿತು. ಪುಸ್ತಕ ಒಪ್ಪಿಸಲು ಉಳಿದದ್ದು ಒಂಬತ್ತು ದಿನ. ತಪ್ಪಿದರೆ ಮುಂದಿನ ಪರೀಕ್ಷೆ ಆರು ತಿಂಗಳ ಮೇಲೆ, ಜೂನೂ ಇಲ್ಲ, ಕೆಲಸವೂ ಇಲ್ಲ. ಭಾನುವಾರ ಬೂತಿನಲ್ಲಿ ನಮ್ಮವರಿಗೆ ಹೇಳಿದೆ. ಅವರು, "ಬ್ಯಾಂಕಿನಾಗ ಒಂದು ಕಮ್ಮಿ ಬಿದ್ರ ಎಲ್ಲಾರೂ ಕೂತು ಹುಡುಕಿ ತಗೀತೀವಿ. ಇದನ್ನ ಎಲ್ಲಿಂತ ಹುಡುಕೂದು?" ಎಂದರು. ನಗಬೇಕಿತ್ತು, ನಗು ಬರಲಿಲ್ಲ. ಮೀಟರು ಮಾತ್ರ ಓಡುತ್ತಿತ್ತು.

ಆ ಒಂಬತ್ತು ದಿನ ನಾನು ಎಂಥವಳಾಗಿದ್ದೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಎಲ್ಲ ಊರಿನಲ್ಲೂ ಎಲ್ಲ ದಿನವೂ ಮಕ್ಕಳು ಹುಟ್ಟುತ್ತಲೇ ಇರುತ್ತವೆ. ನನ್ನ ಪಾಳಿಯಲ್ಲಿ ಮಾತ್ರ ಹುಟ್ಟಲೊಲ್ಲವು. ಬಂದವರಿಗೆ ಆಪರೇಷನ್ನು, ಇಲ್ಲವೇ ನಾನು ಊಟಕ್ಕೆ ಹೋದಾಗ ಹೆರಿಗೆ. ಹೊರರೋಗಿಗಳ ಸಾಲಿನಲ್ಲಿ ನಿಂತ ತುಂಬು ಗರ್ಭಿಣಿಯರನ್ನು, ಮಾಗಿದ ಹಣ್ಣು ನೋಡುವವಳಂತೆ ನಿಂತು ನೋಡಿದ್ದೇನೆ. ಒಬ್ಬ ಹೆಂಗಸಿಗೆ ನೋವು ಬರಲಿ ಎಂದು ಇನ್ನೊಬ್ಬ ಹೆಂಗಸು ದೇವರಲ್ಲಿ ಬೇಡುವುದುಂಟೆ? ನಾನು ಬೇಡಿದೆ, ಅದೂ ನನ್ನ ಪಾಳಿ ಮುಗಿಯುವ ಮಧ್ಯಾಹ್ನ ಎರಡು ಗಂಟೆಯೊಳಗೆ ಎಂಬ ಷರತ್ತಿನೊಂದಿಗೆ.

ಐದನೆಯ ದಿನ ಬೆಳಿಗ್ಗೆ ಪರವಾಡದ ಕಡೆಯ ಹಳ್ಳಿಯಿಂದ ಲಕ್ಷ್ಮಿ ಎಂಬ ಚೊಚ್ಚಲ ಬಸುರಿ ಬಂದಳು. ಜೊತೆಗೆ ಅವಳ ಅತ್ತೆ, ಮೂಗುಬೊಟ್ಟಿನ ಗಟ್ಟಿ ಹೆಂಗಸು, ಬಾಗಿಲಾಚೆ ಗೋಡೆಗೊರಗಿ ಕೂತರು. ಹತ್ತಕ್ಕೆ ನೋವು ಚೆನ್ನಾಗಿ ಹಿಡಿಯಿತು. ಹನ್ನೆರಡಕ್ಕೆ ಆಗಬಹುದು ಎಂದುಕೊಂಡೆ, ಹನ್ನೆರಡಾಯಿತು. ಒಂದಕ್ಕೆ ಖಂಡಿತ ಎಂದುಕೊಂಡೆ, ಒಂದೂ ಆಯಿತು. ಎರಡಕ್ಕೆ ಬರುವವಳು ಪದ್ಮ, ನಮ್ಮ ಹಾಸ್ಟೆಲಿನ ಚುರುಕು ಹುಡುಗಿ, ಅವಳಿಗೂ ಎರಡು ಕೇಸು ಬಾಕಿಯಿತ್ತು. ನಾನು ಲಕ್ಷ್ಮಿಯ ಸೊಂಟ ತಿಕ್ಕುತ್ತಿದ್ದೆ, ನೀರು ಕುಡಿಸುತ್ತಿದ್ದೆ, ಮಗುವಿನ ಎದೆಬಡಿತ ಕೇಳುತ್ತಿದ್ದೆ, ಕೆಲಸದಲ್ಲಿ ಏನೂ ಲೋಪ ಮಾಡಲಿಲ್ಲ. ಆದರೆ ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ನನ್ನ ಬೆರಳು ತಾನಾಗಿಯೇ ಎದೆಯ ಮೇಲಿನ ಗಡಿಯಾರವನ್ನು ಎತ್ತುತ್ತಿತ್ತು.

ಒಂದೂವರೆಗೆ ಲಕ್ಷ್ಮಿ ನನ್ನ ಮುಂಗೈ ಹಿಡಿದು, ಬೆವರಿದ ಮುಖ ನನ್ನತ್ತ ತಿರುಗಿಸಿ ಕೇಳಿದಳು. ಅವಳು ತೆಲುಗಿನಲ್ಲಿ ಕೇಳಿದ್ದನ್ನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ: "ಅಮ್ಮಾ, ಆಗಿನಿಂದ ಗಡಿಯಾರ ನೋಡ್ತಾನೇ ಇದ್ದೀರಿ. ನನ್ನ ಮಗುವಿಗೆ ಏನಾದರೂ ಆಗಿದೆಯಾ?"

ಮಗು ಚೆನ್ನಾಗಿತ್ತು, ಅವಳೂ ಚೆನ್ನಾಗಿದ್ದಳು. ಆ ಕೋಣೆಯಲ್ಲಿ ಕಾಯಿಲೆಯಿದ್ದದ್ದು ನನಗೊಬ್ಬಳಿಗೇ, ಅದನ್ನು ಅವಳಿಗೆ ಅಂಟಿಸಿಬಿಟ್ಟಿದ್ದೆ. ಸತ್ಯ ಹೇಳಲು ನಾಲಿಗೆ ಏಳಲಿಲ್ಲ. "ಅಯ್ಯೋ, ಏನೂ ಇಲ್ಲಮ್ಮಾ, ಈ ಗಡಿಯಾರ ಕೆಟ್ಟಿದೆ, ನಡೀತಿದೆಯೋ ಇಲ್ಲವೋ ಅಂತ ನೋಡ್ತಿದ್ದೆ" ಎಂದು ಹೇಳಿ, ಅವಳೆದುರಿಗೇ ಪಿನ್ನು ಬಿಚ್ಚಿ ಅದನ್ನು ಕಿಟಕಿಯ ಕಟ್ಟೆಯ ಮೇಲೆ, ನನ್ನ ಬೆನ್ನಿಗೆ, ಇಟ್ಟೆ. ಅವಳು ನಂಬಿದಳು. ಹಿಡಿತ ಸಡಿಲವಾಯಿತು, ಉಸಿರು ನಿಧಾನವಾಯಿತು. ಎರಡಕ್ಕೆ ಸರಿಯಾಗಿ ಪದ್ಮ ಜಡೆಯನ್ನು ಸುತ್ತಿ ಕಟ್ಟಿಕೊಳ್ಳುತ್ತ ಬಂದಳು, ಕೈ ತೊಳೆದಳು. ನಾನು ಹೋಗಬಹುದಿತ್ತು. ಲಕ್ಷ್ಮಿ ಕೈ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ. ಅದು ಒಳ್ಳೆಯತನವೋ, ಕೈತಪ್ಪಿದ್ದನ್ನು ಕಣ್ಣಾರೆ ನೋಡಿಯೇ ಹೋಗುವ ಹಟವೋ, ಇವತ್ತಿಗೂ ನನಗೆ ತಿಳಿಯದು. ಮಗು ಪದ್ಮಳ ಕೈಗೆ ಬಂತು. "ಅಕ್ಕಾ, ಟೈಮು" ಎಂದು ಅವಳು ಕೂಗಿದಾಗ ತಿರುಗಿ ಕಿಟಕಿಯ ಕಟ್ಟೆ ನೋಡಿ ಹೇಳಿದೆ: ಎರಡು ಗಂಟೆ ಹದಿನಾಲ್ಕು ನಿಮಿಷ. ಹೆಣ್ಣುಮಗು, ಗಟ್ಟಿಯಾಗಿ ಅತ್ತಿತು. ನನಗೂ ಅಳು ಬಂತು; ಮಗು ಹುಟ್ಟಿದ ಸಂತೋಷಕ್ಕೆ ಎಂದು ಪದ್ಮ ತಿಳಿದುಕೊಂಡಳು.

ಮರುದಿನ ಬೆಳಿಗ್ಗೆ ವಾರ್ಡಿಗೆ ಹೋದರೆ ಅತ್ತೆ ದಾರಿ ಕಾಯುತ್ತಿದ್ದರು. ಈ ಕಡೆ ಮಗು ಹುಟ್ಟಿದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ ಗಂಡೋ ಹೆಣ್ಣೋ, ಎರಡನೆಯದು ಎಷ್ಟು ಗಂಟೆ, ಎಷ್ಟು ನಿಮಿಷ. ಜಾತಕ ಬರೆಸಲು ಅದೇ ಆಧಾರ, ನರ್ಸಮ್ಮ ಹೇಳಿದ ನಿಮಿಷವೇ ಆ ಮಗುವಿಗೆ ಜೀವಮಾನಕ್ಕೆಲ್ಲ. ಅತ್ತೆಯ ಕೈಯಲ್ಲಿ ಒಂದು ಚೀಟಿಯಿತ್ತು. "ಎರಡೂ ಹದಿನಾಲ್ಕು ಅಂತ ಬರೆದು ಕೊಟ್ಟಿದ್ದಾರೆ. ಆದರೆ ನಿಮ್ಮ ಗಡಿಯಾರ ಕೆಟ್ಟಿದೆ ಅಂತ ನೀವೇ ಹೇಳಿದಿರಂತಲ್ಲ? ನಮ್ಮ ಸೊಸೆ ರಾತ್ರಿಯೆಲ್ಲ ಅದೇ ಯೋಚನೆ ಮಾಡ್ತಿದ್ದಾಳೆ. ಈಗ ಪಂತುಲುಗಾರಿಗೆ ಏನು ಅಂತ ಹೇಳಲಿ?" ಎಂದರು. ಅವರು ಪಂತುಲುಗಾರು ಎಂದದ್ದು ಜಾತಕ ಬರೆಯುವ ಪುರೋಹಿತರನ್ನು.

ಒಬ್ಬಳ ಭಯ ಹೋಗಲಾಡಿಸಲು ಹೇಳಿದ ಸುಳ್ಳು ರಾತ್ರಿ ಕಳೆಯುವುದರೊಳಗೆ ಇನ್ನೊಂದು ಭಯವನ್ನು ಹೆತ್ತಿತ್ತು. ಇನ್ನೊಂದು ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ಹಾಸಿಗೆಯಲ್ಲಿ ಮಗುವನ್ನು ಪಕ್ಕಕ್ಕಿಟ್ಟುಕೊಂಡು ಲಕ್ಷ್ಮಿ ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಅತ್ತೆ ಸೊಸೆ ಇಬ್ಬರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಗಡಿಯಾರ ಸರಿಯಿದೆ, ಕೆಟ್ಟಿದ್ದು ನನ್ನ ಬುದ್ಧಿ, ಎರಡು ಗಂಟೆಯೊಳಗೆ ಹೆರಿಗೆಯಾದರೆ ನನ್ನ ಲೆಕ್ಕ ತುಂಬುತ್ತದೆಂದು ನೋಡುತ್ತಿದ್ದೆ, ಮಗುವಿಗೆ ಏನೂ ಆಗಿರಲಿಲ್ಲ. ವಿಜಯವಾಡ, ಮಗಳು, ಜೂನು, ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡೆ, ಮುಖ್ಯ ನರ್ಸ್ ಆದ ಮೇಟ್ರನ್ನರಿಗೆ ದೂರು ಹೋಗುತ್ತದೆಂದುಕೊಂಡೆ. ಆ ಹೊತ್ತಿನಲ್ಲಿ ನನ್ನ ನಾಡಿ ಎಷ್ಟಿತ್ತೋ ಎಣಿಸಲಿಲ್ಲ.

ಅತ್ತೆ ಚೀಟಿಯನ್ನು ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಹಾಗಾದರೆ ಟೈಮು ಸರಿಯಾಗೇ ಇದೆ ಬಿಡಮ್ಮಾ. ಅಷ್ಟು ಸಲ ನೋಡಿದವಳಿಗೆ ತಪ್ಪೋದು ಹೇಗೆ?" ಎಂದರು. ಲಕ್ಷ್ಮಿ ನಕ್ಕಳು, ನಕ್ಕರೆ ಹೆರಿಗೆಯ ಹೊಲಿಗೆ ಎಳೆಯುತ್ತದೆಂದು ಮಂಚದ ಅಂಚು ಹಿಡಿದುಕೊಂಡಳು.

ನನ್ನ ಇಪ್ಪತ್ತನೆಯ ತಾಯಿ ಎಂಟನೆಯ ದಿನ ಬಂದಳು. ಮೂರನೆಯ ಹೆರಿಗೆ, ಬಂದ ಒಂದು ಗಂಟೆಯೊಳಗೆ ಸರಾಗವಾಗಿ ಆಯಿತು. ಕೆಂಪು ಗೀಟಿನ ಪುಟಗಳ ಕೊನೆಯಲ್ಲಿ ಸಿಸ್ಟರ್ ಟ್ಯೂಟರ್ ಸಹಿ ಹಾಕಿದರು. ಪರೀಕ್ಷೆ ಪಾಸಾಗಿ ಜೂನಿನಲ್ಲಿ ನಾನು ವಿಜಯವಾಡದ ರೈಲಿನಲ್ಲಿದ್ದೆ. ಊರಂಚಿನ ದುವ್ವಾಡ ನಿಲ್ದಾಣ ದಾಟುವಾಗ ಟ್ರಂಕಿನ ಮೇಲೆ ಕೂತು, ಮೊದಲ ಸಂಬಳದಲ್ಲಿ ಯಾವುದಕ್ಕೆ ಎಷ್ಟು ಎಂದು ಆಗಲೇ ಯೋಚಿಸತೊಡಗಿದ್ದೆ. ಭಯವನ್ನೇನೂ ನಾನು ವಿಶಾಖಪಟ್ಟಣದಲ್ಲಿ ಇಳಿಸಿ ಬಂದಿರಲಿಲ್ಲ, ಅದಕ್ಕೂ ಟಿಕೆಟ್ಟಿತ್ತು.

ಆ ಗಡಿಯಾರ ಇನ್ನೂ ನನ್ನ ಹತ್ತಿರವಿದೆ, ರಿಬ್ಬನ್ನು ನಾಲ್ಕು ಸಲ ಬದಲಾಗಿದೆ. ಎದುರಿಗಿರುವವರಿಗೆ ಅದು ತಲೆಕೆಳಗಾಗಿ ಕಾಣುತ್ತದೆ, ಆದ್ದರಿಂದ ಅದು ನನ್ನೊಬ್ಬಳದೇ ಗುಟ್ಟು ಎಂದುಕೊಂಡಿದ್ದೆನಲ್ಲ, ಅದೇ ನನ್ನ ದೊಡ್ಡ ತಪ್ಪು. ಮಂಚದ ಮೇಲೆ ಮಲಗಿದವರು ಗಡಿಯಾರದ ಮುಳ್ಳು ನೋಡುವುದಿಲ್ಲ, ಅದನ್ನು ನೋಡುವ ಮುಖ ನೋಡುತ್ತಾರೆ. ಈಗ ಹೆರಿಗೆ ಕೋಣೆಗೆ ಕಾಲಿಟ್ಟ ಕೂಡಲೇ ಅದನ್ನು ಬಿಚ್ಚಿ ತಾಯಿಯ ತಲೆಯ ಹಿಂದಿನ ಗೋಡೆಯ ಮೊಳೆಗೆ ತೂಗುಹಾಕುತ್ತೇನೆ, ಅವಳಿಗೆ ಕಾಣದಂತೆ. ಸಮಯ ಬೇಕಾದಾಗ ನಾನು ಕತ್ತೆತ್ತಿದರೆ ಸಾಕು. ಅಲ್ಲಿಗೆ ಹೋಗುವ ದಾರಿಯಲ್ಲಿ ನನ್ನ ಕಣ್ಣು ಮೊದಲು ಅವಳ ಮುಖವನ್ನು ಹಾದೇ ಹೋಗಬೇಕು.