ಎಪ್ಪತ್ತು ಖರ್ಜೂರದ ಬೀಜ

ಮಸ್ಕತ್ತಿಗೆ ಬಂದ ಮರುದಿನ ಬೆಳಿಗ್ಗೆ ತಣ್ಣೀರಿನ ನಲ್ಲಿ ತಿರುಗಿಸಿ ಮುಖಕ್ಕೆ ನೀರೆರಚಿಕೊಂಡವಳು ಚೀರಿಬಿಟ್ಟೆ. ಸುಡುಸುಡು ನೀರು! ಅಡುಗೆಮನೆಯಲ್ಲಿದ್ದ ಶ್ರೀಲಂಕಾದ ಹೆಂಗಸು ಓಡಿ ಬಂದು, ಅರ್ಧ ಹಿಂದಿ ಅರ್ಧ ಕೈಸನ್ನೆಯಲ್ಲಿ ತಿಳಿಸಿದಳು: ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕು ಕಾದು ಕೆಂಡವಾಗುತ್ತದೆ. ಗೀಸರ್ ಆರಿಸಿಟ್ಟರೆ ಅದರೊಳಗೆ ನಿಂತ ನೀರೇ ತಣ್ಣಗಿರುತ್ತದೆ. ಹಾಗಾಗಿ ಇಲ್ಲಿ ತಣ್ಣೀರು ಬೇಕಾದರೆ ಬಿಸಿನೀರಿನ ನಲ್ಲಿ ತಿರುಗಿಸಬೇಕು. ನಾರಾಯಣಪೇಟೆಯ ಬಿಸಿಲು ಉಂಡು ಬೆಳೆದವಳು ನಾನು, ನನಗೇನು ಎಂಬ ಸೊಕ್ಕು ಅಂದೇ ಇಳಿಯಿತು.

ನಾನು ಹುಟ್ಟಿದ್ದು ನಾರಾಯಣಪೇಟೆ, ಕೊಟ್ಟಿದ್ದು ಗದ್ವಾಲ. ಧರೂರಿನ ರಸ್ತೆಯಲ್ಲಿ ಬೈಕು ಬಿದ್ದು ಗಂಡ ತೀರಿಕೊಂಡ ಮೇಲೆ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಮಕ್ತಲ್‌ನಲ್ಲಿರುವ ಅಕ್ಕನ ಮನೆ ಸೇರಿದೆ. ಮಗಳು ಗಿರಿಜಾಗೆ ಎರಡು ವರ್ಷ ತುಂಬಿದಾಗ ಅವಳನ್ನು ಅಕ್ಕನ ಮಡಿಲಿಗೆ ಹಾಕಿ ಇಲ್ಲಿಗೆ ಬಂದೆ. ಹಾಸಿಗೆ ಹಿಡಿದ ಒಬ್ಬ ಮುದುಕಿಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮನೆಯವರೆಲ್ಲ ಅವಳನ್ನು 'ಯುಮ್ಮಾ' ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ನಮ್ಮ ಭಾಷೆಯಲ್ಲಿ ಅದಕ್ಕೆ ಅವ್ವಾ ಎಂದರ್ಥ. ಮೊದಮೊದಲು ಹಾಗೆ ಕರೆಯದೆಯೇ ಕೆಲಸ ಸಾಗಿಸುತ್ತಿದ್ದೆ. ಈಗ ರೂಢಿಯಾಗಿದೆ, ಅದೇ ಹೆಚ್ಚು ಭಯ.

ನಾಲ್ಕು ವರ್ಷದ ಮೇಲೆ ಒಂದು ತಿಂಗಳ ರಜೆ ಸಿಕ್ಕಿತು. ನಮ್ಮ ಕಡೆ ಶ್ರೀಶೈಲಕ್ಕೋ ಮಂತ್ರಾಲಯಕ್ಕೋ ಹೋಗಿಬಂದವರು ಓಣಿಯ ಮನೆಮನೆಗೆ ಚಿಟಿಕೆ ಪ್ರಸಾದ ಹಂಚಿದರೆ ಸಾಕು, ಊರೇ ಸಂತೋಷಪಡುತ್ತದೆ. ಮಸ್ಕತ್ತಿನಿಂದ ಏನನ್ನು ಒಯ್ಯುವುದು? ಓಣಿಯವರ ಚಿಂತೆ ನನಗಿರಲಿಲ್ಲ, ಅವರಿಗೆ ಲೋಬಾನ, ಸೋಪು ಸಾಕು. ನನಗೆ ಬೇಕಾಗಿದ್ದು ಒಂದೇ ವಸ್ತು: ಅದನ್ನು ನೋಡಿದ ಕೂಡಲೇ ಗಿರಿಜಾ ನನ್ನ ಹತ್ತಿರ ಬರಬೇಕು. ಒಮ್ಮೆಯಾದರೂ ಅವ್ವಾ ಅನ್ನಬೇಕು. ಫೋನಿನಲ್ಲಿ ಅವಳು ನನ್ನನ್ನು 'ಮಸ್ಕತ್ ಅವ್ವ' ಅನ್ನುತ್ತಿದ್ದಳು. ಬರೀ ಅವ್ವ ಅಂದರೆ ನಮ್ಮ ಅಕ್ಕ.

ಹಿಂದೊಮ್ಮೆ ಊರಿಗೆ ಹೊರಟವರ ಕೈಯಲ್ಲಿ ಜರಿ ಅಂಚಿನ ಫ್ರಾಕು ಕಳಿಸಿದ್ದೆ. ಅದು ಅವಳ ಮೊಣಕೈ ದಾಟಲಿಲ್ಲವಂತೆ. ನಾನು ಬಿಟ್ಟುಬಂದ ಕೂಸಿನ ಅಳತೆಗೆ ಕೊಂಡಿದ್ದೆ.

ಈ ಸಲ ಹಾಗಾಗಬಾರದೆಂದು ಮೂರು ಶುಕ್ರವಾರ ಮತ್ರಾದ ಹಳೇ ಬಜಾರು ಸುತ್ತಿದೆ. ಪಿಂಗಾಣಿ ಒಂಟೆ, ಫ್ರಿಜ್ಜಿಗೆ ಅಂಟಿಸುವ ಕೋಟೆ, ಇಲ್ಲಿಯ ಗಂಡಸರು ಹಬ್ಬಕ್ಕೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಖಂಜರ್ ಎಂಬ ಬಾಗಿದ ಬಾಕು, ಅದರದೇ ಬೆರಳುದ್ದದ ಮರಿ. ಎಲ್ಲ ಅಂಗಡಿಯಲ್ಲೂ ಅದೇ ಸಾಮಾನು. ಒಬ್ಬ ಅಂಗಡಿಯವನು, ನಮ್ಮ ದೇಶದವನೇ, ಕನಿಕರದಿಂದ ಕೇಳಿದ: "ಮಗಳಿಗೆ ಏನು ಇಷ್ಟ, ಹೇಳಿ. ತೆಗೆದು ತೋರಿಸುತ್ತೇನೆ." ನನಗೆ ಗೊತ್ತಿರಲಿಲ್ಲ. ಹೆತ್ತ ಮಗಳಿಗೆ ಏನು ಇಷ್ಟವೆಂದು ಗೊತ್ತಿಲ್ಲದೆ ಅಂಗಡಿಯಿಂದ ಹೊರಗೆ ಬಂದುಬಿಟ್ಟೆ. ಆ ನಾಚಿಕೆ ಇಂದಿಗೂ ಇಳಿದಿಲ್ಲ.

ಅಲ್ಲಿಂದಲೇ ಅಕ್ಕನಿಗೆ ಫೋನು ಹಚ್ಚಿದೆ.

"ಏನ್ ಇಷ್ಟ ಅಂತ ಹೇಳಲಿ? ದಿನಾ ಗುಳಿಮಣಿ ಆಡ್ತಾಳ," ಅಂದಳು ಅಕ್ಕ. "ಕಸಬರಗಿ ಹಿಡದ್ರ ಬರೇ ಹುಣಸಿ ಬೀಜ ಬರ್ತಾವ ನೋಡು ಮನ್ಯಾಗ."

ಗುಳಿಮಣಿ ಎಂದರೆ ಅಳಗುಳಿ ಮಣೆ. ನಮ್ಮ ತೆಲುಗು ನೆರೆಯವರು ವಾಮನಗುಂಟಲು ಅನ್ನುತ್ತಾರೆ. ಹದಿನಾಲ್ಕು ಗುಳಿ, ಗುಳಿಗೆ ಐದು ಬೀಜ, ಒಟ್ಟು ಎಪ್ಪತ್ತು. ನಾರಾಯಣಪೇಟೆಯಲ್ಲಿ ನಮ್ಮವ್ವ ಮಗ್ಗಕ್ಕೆ ನೂಲು ಸುತ್ತುತ್ತ ಕೂತಾಗ ನಾನು ಅಕ್ಕ ಆಡಿದ ಆಟ ಅದೇ.

ಮರುದಿನ ಬೆಳಿಗ್ಗೆ ಯುಮ್ಮಾಗೆ ಗಹ್ವಾ ಕೊಟ್ಟೆ. ಹಾಲಿಲ್ಲದ, ಸಕ್ಕರೆಯಿಲ್ಲದ ಏಲಕ್ಕಿ ಕಾಫಿ ಅದು. ಜೊತೆಗೆ ಖರ್ಜೂರ ಇರಲೇಬೇಕು. ಅವಳು ಉಗುಳಿದ ಬೀಜವನ್ನು ಅಂಗೈಯಲ್ಲಿ ಹಿಡಿದಾಗ ಹೊಳೆಯಿತು. ತೊಳೆದೆ, ಮಾಳಿಗೆಯಲ್ಲಿ ಒಣಗಿಸಿದೆ. ಯುಮ್ಮಾ ಎರಡು ದಿನ ನೋಡಿ ಯಾಕೆಂದು ಕೇಳಿದಳು. "ಬಿಂತಿ," ಅಂದೆ. ನನ್ನ ಮಗಳು ಎಂದರ್ಥ, ಅವಳಿಗೆ ಎಂದು. ಅಂದಿನಿಂದ ಮುದುಕಿ ತಟ್ಟೆಯಲ್ಲಿ ಒಂದೇ ಅಳತೆಯ ಹಣ್ಣು ಹುಡುಕಿ ತಿನ್ನತೊಡಗಿದಳು. ಗಿಡ್ಡ ಬೀಜ ಬಂದರೆ ಮುಖ ಸಿಂಡರಿಸಿ ಬುಟ್ಟಿಗೆ ಹಾಕುತ್ತಿದ್ದಳು. ಹೀಗೆ ನಾವಿಬ್ಬರೂ ಸೇರಿ ಎಪ್ಪತ್ತು ಮಾಡಿದೆವು.

ಮಕ್ತಲ್‌ನ ಮನೆ ಬಾಗಿಲಲ್ಲಿ ಇಳಿದಾಗ ಗಿರಿಜಾ ಚೊಂಬಿನಲ್ಲಿ ನೀರು ತಂದು ಚಾಚಿದಳು. "ನೀರು ತಗೋರಿ." ಬಂದ ಯಾವ ಬೀಗರಿಗಾದರೂ ಹಾಗೇ ಕೊಡುತ್ತಿದ್ದಳು. ತಬ್ಬಿಕೊಳ್ಳಲು ಬಾಗಿದೆ, ಅಷ್ಟರಲ್ಲಿ ಅಕ್ಕನ ಸೆರಗಿನ ಹಿಂದೆ ಹೋಗಿದ್ದಳು.

ಬೀಜದ ಚೀಲ ಬಿಚ್ಚಿದಾಗ ಮಾತ್ರ ಅವಳ ಕಣ್ಣರಳಿತು. ಒಂದೊಂದೇ ಎಣಿಸಿ ಗುಳಿಗೆ ಹಾಕಿದಳು. "ಹುಣಸಿ ಬೀಜಕ್ಕಿಂತ ಚಂದ ಅದಾವ," ಅಂದಳು. ಈಗ ಕರೆಯುತ್ತಾಳೆ ಅಂದುಕೊಂಡೆ. ಅವಳು ಕೂಗಿದ್ದು ಅಡುಗೆಮನೆಯ ಕಡೆಗೆ: "ಅವ್ವಾ, ಬಾ ಆಡೂಣು!" ನಾನೂ ಮಣೆಯ ಪಕ್ಕಕ್ಕೆ ಸರಿದು ಕೂತೆ. ಗಿರಿಜಾ ಮೃದುವಾಗಿಯೇ ಹೇಳಿದಳು, "ಇದು ಇಬ್ಬರ ಆಟರೀ."

ಕೆಲವು ದಿನ ಬಿಟ್ಟು ನನ್ನನ್ನೂ ಆಟಕ್ಕೆ ಸೇರಿಸಿಕೊಂಡಳು. ಅವಳು ನಗಲಿ ಎಂದು ಸೋಲುತ್ತ ಹೋದೆ. ಮೂರನೆಯ ಆಟಕ್ಕೆ ಎದ್ದುಬಿಟ್ಟಳು. "ನೀವು ಬೇಕಂತ ಸೋಲ್ತೀರಿ. ಅವ್ವ ಹಂಗ ಮಾಡಂಗಿಲ್ಲ."

ಆ ಮಧ್ಯಾಹ್ನ ಹಿತ್ತಲಲ್ಲಿ ಅಕ್ಕನ ಕೈ ಹಿಡಿದುಕೊಂಡೆ. ಒಂದು ಸಲ ಅವಳ ಬಾಯಲ್ಲಿ ಅವ್ವಾ ಅನ್ನಿಸು ಎಂದು ಅಂಗಲಾಚಿದೆ.

"ಹೇಳೀನಿ ಶಾಂತಾ. ಹೊಡದೂ ಹೇಳೀನಿ, ಪಾಪ ಬಂತು ನನಗ," ಅಕ್ಕ ಅಳುತ್ತಿದ್ದಳು. "ಅನ್ನಿಸಿದ್ರ ಬರೂ ಮಾತೇನ ಅದು? ಹೆಚ್ಚಿಗಿ ಹೇಳಿದ್ರ ನನ್ನ ಕೂಡನೂ ಮಾತು ಬಿಡ್ತಾಳ." ಅಕ್ಕನ ಮೇಲೆ ಸಿಟ್ಟು ಬಂತು. ಅವಳು ಇರದಿದ್ದರೆ ನನ್ನ ಕೂಸು ಏನಾಗುತ್ತಿತ್ತೆಂದು ನೆನೆದು ಆ ಸಿಟ್ಟಿಗೂ ದಾರಿಯಿಲ್ಲದಾಯಿತು.

ಹೊರಡುವ ದಿನ ನಾನು ಚಪ್ಪಲಿ ಮೆಟ್ಟುವಾಗ ಗಿರಿಜಾ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು ಇಟ್ಟುಕೊಂಡು ಬಂದಳು. ಮನೆಯಿಂದ ಹೊರಟ ಹೆಂಗಸರಿಗೆ ಅಕ್ಕ ಉಡಿ ತುಂಬುವುದನ್ನು ಕಂಡಿದ್ದಳು. ಗಂಡ ಸತ್ತವಳಿಗೆ ಉಡಿ ತುಂಬುವುದಿಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನೆರೆಮನೆಯ ಬಾಲಮ್ಮ, "ವದ್ದಮ್ಮಾ, ಬ್ಯಾಡ, ಆಕಿಗಿ ತುಂಬಬಾರದು," ಎಂದು ಮೊರ ಹಿಡಿದಳು.

"ಬಿಡ್ರಿ," ಅಂದಳು ಅಕ್ಕ. "ತುಂಬಲಿ."

ಸೆರಗೊಡ್ಡಿದೆ. ಆರು ವರ್ಷದ ಕೈ ಐದು ಸಲ ಅಕ್ಕಿ ಹಾಕಿತು. ಕೊನೆಗೆ ಒಂದು ಖರ್ಜೂರದ ಬೀಜ ಇಟ್ಟು ಗಿರಿಜಾ ಹೇಳಿದಳು: "ಇದೊಂದು ನಿಮ್ಮ ಕಡೆ ಇರಲಿ. ಮತ್ತ ಬರೂ ಮುಂದ ತಗೊಂಡು ಬರ್ರಿ. ಅಲ್ಲೀತನಾ ನನ್ನ ಆಟ ಪೂರಾ ಆಗಂಗಿಲ್ಲ." ಅಷ್ಟು ವರ್ಷಕ್ಕೆ ನನಗೆ ಸಿಕ್ಕ ಸೌಭಾಗ್ಯ ಅದು. ಹೈದರಾಬಾದಿನವರೆಗೂ ಬೀಜವನ್ನು ಮುಷ್ಟಿಯಲ್ಲೇ ಹಿಡಿದಿದ್ದೆ. ನಾನಿಲ್ಲದೆ ಒಂದು ಆಟವಾದರೂ ನಿಂತಿರುತ್ತದಲ್ಲ.

ಮಸ್ಕತ್ತಿಗೆ ಮರಳಿ ಹದಿನೈದು ದಿನವಾಗಿತ್ತು. ವಿಡಿಯೋ ಕಾಲಿನಲ್ಲಿ ಅಕ್ಕನ ಕಾಲ ಬಳಿ ಮಣೆ ಕಂಡಿತು, ಆಟ ನಡೆದಿತ್ತು. ಗಿರಿಜಾ ಖುಷಿಯಿಂದ ಮುಂದೆ ಬಾಗಿ ಹೇಳಿದಳು, "ಒಂದು ಕಡಿಮಿ ಇತ್ತಲ್ರಿ, ಹುಣಸಿ ಬೀಜ ಹಾಕ್ಕೊಂಡೀನಿ. ಈಗ ಸರಿ ಆಗೇತಿ."

"ಚಲೋ ಮಾಡಿದಿ," ಅಂದೆ. ಮತ್ತೇನು ಅನ್ನಲಿ? ನನ್ನ ಜಾಗಕ್ಕೆ ಬೀಜ ಸಿಕ್ಕಿತ್ತು. ಕೂಸು ಆಟವಿಲ್ಲದೆ ಕೂರಬೇಕೆಂದು ಬಯಸುವ ತಾಯಿ ನಾನಲ್ಲ, ಆದರೂ ಅಂದು ಒಂದು ಗಳಿಗೆ ಹಾಗೇ ಬಯಸಿದೆ.

ಗಿರಿಜಾ ಕೊಟ್ಟ ಬೀಜ ದಿಂಬಿನಡಿ ಇದೆ. ದಿನಾ ಬೆಳಿಗ್ಗೆ ಯುಮ್ಮಾ ಈಗಲೂ ತಟ್ಟೆಯಲ್ಲಿ ಹುಡುಕಿ ಸಮ ಅಳತೆಯ ಹಣ್ಣು ತಿಂದು, ಬೀಜವನ್ನು ನನ್ನ ಕಡೆ ಚಾಚಿ, "ಬಿಂತಿ," ಎನ್ನುತ್ತಾಳೆ. ಅಲ್ಲಿ ಎಪ್ಪತ್ತು ತುಂಬಿವೆ ಯುಮ್ಮಾ, ಇನ್ನು ಬೇಕಾಗಿಲ್ಲ ಎಂದು ಹೇಳುವಷ್ಟು ಅರಬ್ಬಿ ನನಗೆ ಬಂದಿದೆ. ಹೇಳಿಲ್ಲ. ಅಂಗೈ ಒಡ್ಡುತ್ತೇನೆ.