ಠೇವಣಿ ಮುರಿಯಲು ಹೋದ ದಿನ

“ಅದನ್ನು ಮುರಿಯಬೇಡಿ ಅಕ್ಕ!” ಕಾಪುವಿನ ಬ್ಯಾಂಕಿನಲ್ಲಿ ಪಕ್ಕದ ಕುರ್ಚಿಯಿಂದ ಬಂದ ಮಾತಿಗೆ ಬೆಚ್ಚಿದೆ. ಮಗಳ ಓದಿಗೆಂದು ಇಟ್ಟಿದ್ದ ಠೇವಣಿ ಮುರಿದು ಮನೆ ಸಾಲ ಬೇಗ ತೀರಿಸಲು ಅರ್ಜಿ ತುಂಬುತ್ತಿದ್ದೆ. ಮಾತನಾಡಿದವರು ಮೀನು ಮಾರುವ ಹೆಂಗಸು. ಸಾಲ ತೀರಿಸಿ ಅಂದೇ ಬಿಡಿಸಿಕೊಂಡ ಮನೆಪತ್ರ ಅವರ ಮಡಿಲಲ್ಲಿತ್ತು.

“ಮಕ್ಕಳ ದುಡ್ಡು ಹಾಗೇ ಉಂಟು, ನಾನು ಮುಟ್ಟಲಿಲ್ಲ. ವ್ಯಾಪಾರ ಚೆನ್ನಾಗಿ ಆದ ತಿಂಗಳು ಒಂದು ಕಂತು ಜಾಸ್ತಿ ಕಟ್ಟಿದೆ. ನಾಲ್ಕು ವರ್ಷ ಮೊದಲೇ ಮುಗಿಯಿತು, ನೋಡಿ!” ಎಂದು ನಕ್ಕರು. ಅರ್ಜಿಯನ್ನು ಅಲ್ಲೇ ಹರಿದೆ. ಅಂದಿನಿಂದ ಮದುವೆ ಸೀಸನ್ನಿನ ಹೊಲಿಗೆಯಲ್ಲಿ ಬಂದ ಹೆಚ್ಚಿನ ಹಣವನ್ನೆಲ್ಲ ಸಾಲಕ್ಕೇ ಕಟ್ಟಿದೆ.

ಕಳೆದ ತಿಂಗಳು ನಮ್ಮ ಸಾಲವೂ ಅವಧಿಗೆ ಮೊದಲೇ ತೀರಿತು. ಮಗಳು ಆ ಠೇವಣಿಯಿಂದಲೇ ಫೀಸು ಕಟ್ಟಿ ಮಣಿಪಾಲದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಆ ಅಕ್ಕನ ಹೆಸರು ಕೇಳಲು ಮರೆತಿದ್ದೆ, ಮುಖವೂ ಈಗ ಸರಿಯಾಗಿ ನೆನಪಿಲ್ಲ. ಹಾಗಾಗಿ ಕಾಪು ಪೇಟೆಯಲ್ಲಿ ಮೀನು ಮಾರುವ ಹೆಂಗಸರು ಯಾರೇ ಕಂಡರೂ ಈಗ ಬಾಯ್ತುಂಬ ನಗುತ್ತೇನೆ.