ಕೆಳಗ್ಯಾರಿದೀರಾ?

ನಿನ್ನೆ ಸಂಜೆ ಉಪ್ಪಾರಹಳ್ಳಿ ಮನೇಲಿ ಕಾಯಿ ತುರೀತಾ ಕೂತಿದ್ದೆ. ಮಗಳು ಮೊಬೈಲಲ್ಲಿ ಒಂದು ವಿಡಿಯೋ ತೋರಿಸಿದಳು. ಬಾಹ್ಯಾಕಾಶದಿಂದ ಊರಿನ ಮೇಲೆ ಬೀಳಿಸೋ ಲೋಹದ ಕಂಬವಂತೆ. ಬಾಂಬಿಲ್ಲ, ಮದ್ದಿಲ್ಲ, ಬರೀ ತೂಕ ಮತ್ತು ವೇಗ. ನನ್ನ ಕೈ ನಿಂತೇ ಹೋಯಿತು.

ನಾನು ಚಿಕ್ಕವಳಿದ್ದಾಗ ಚೇಳೂರಿನ ನಮ್ಮ ತೋಟದಲ್ಲಿ ಕಾಯಿ ಕೀಳ್ತಿದ್ದವರು ಸಿದ್ದಣ್ಣ. ಬಾಯಲ್ಲಿ ಎಲೆಯಡಿಕೆ, ಸೊಂಟದಲ್ಲಿ ಮಚ್ಚು. ಪ್ರತಿ ಗೊನೆಗೂ ಮುಂಚೆ ಮೇಲಿಂದ ಕೂಗೋರು: "ಕೆಳಗ್ಯಾರಿದೀರಾ?" ಅಜ್ಜಿ "ಯಾರೂ ಇಲ್ಲ, ಬುಡು" ಅಂದಮೇಲೇ ಮಚ್ಚು ಬೀಸೋರು. ಒಂದಿನ ಅವರನ್ನ ಬೇಸ್ತು ಬೀಳಿಸೋಣ ಅಂತ ಮರದ ಕೆಳಗೇ ಉಸಿರು ಬಿಗಿಹಿಡಿದು ಕೂತಿದ್ದೆ. ಅಜ್ಜಿ ನನ್ನ ನೋಡಿರಲಿಲ್ಲ. ಗೊನೆ ಬಂದು ನನ್ನ ಪಕ್ಕದಲ್ಲಿದ್ದ ಹಿತ್ತಾಳೆ ಬಿಂದಿಗೆ ಮೇಲೆ ಬಿತ್ತು. ಬಿಂದಿಗೆ ಅಪ್ಪಚ್ಚಿ. ಸಿದ್ದಣ್ಣ ಸರಸರ ಇಳಿದು ಬಂದು ನನ್ನ ತಲೆ, ಭುಜ, ಕೈಕಾಲು ಮುಟ್ಟಿ ಮುಟ್ಟಿ ನೋಡಿದರು. ಬೈಯಲಿಲ್ಲ. "ಒಂದ್ಸಲ ಓ ಅನ್ಬಾರ್ದೇನವ್ವಾ" ಅಂತ ಗಳಗಳ ಅತ್ತುಬಿಟ್ಟರು. ಆ ದಿನ ಮತ್ತೆ ಮರ ಹತ್ತಲಿಲ್ಲ.

ನನ್ನ ಮುಖ ನೋಡಿ ಫಿಸಿಕ್ಸ್ ಓದೋ ಮಗಳು ಅಂದಳು, "ಹೆದರ್ಕೋಬೇಡಮ್ಮ. ಅಲ್ಲಿಂದ ಸುಮ್ನೆ ಕೈಬಿಟ್ರೆ ತೆಂಗಿನಕಾಯಿ ಥರ ಬೀಳಲ್ಲ, ಅದೂ ಉಪಗ್ರಹದ ಥರ ಭೂಮಿ ಸುತ್ತಾನೇ ಸುತ್ತುತ್ತೆ. ರಾಕೆಟ್ ಉರಿಸಿ ವೇಗ ತಗ್ಗಿಸ್ಬೇಕು. ಅಷ್ಟು ಭಾರ ಮೇಲಕ್ಕೆ ಸಾಗಿಸೋದೇ ದೊಡ್ಡ ಕಷ್ಟ. ಸದ್ಯಕ್ಕೆ ಬರೀ ಮಾತಷ್ಟೇ."

"ಅಕಸ್ಮಾತ್ ಮಾಡಿದ್ರೆ, ಬಿಡೋ ಮುಂಚೆ ಕೆಳಗೆ ಯಾರಿದಾರೆ ಅಂತ ನೋಡ್ತಾರೆ ತಾನೇ?"

ಮಗಳು ಮೊಬೈಲ್ ಕೆಳಗಿಟ್ಟಳು.

"ನೋಡ್ತಾರಮ್ಮ. ಯಾರಾದ್ರೂ ಇದ್ರೇನೇ ಬಿಡೋದು."